ಹಂಚಿಹೋದದ್ದು ಆದಾಯ, ಉಳಿದದ್ದು ಪಿಂಚಣಿ

ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆ. 2022ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಿದ್ದುಪಡಿ ತಂದು ಈ ಏಳು ಜಿಲ್ಲೆಗಳಿಗೆ ವಿಶ್ವವಿದ್ಯಾಲಯ ಕೊಟ್ಟೆವು. ತಲಾ ಎರಡು ಕೋಟಿ ರೂಪಾಯಿ ಕೈಗಿಟ್ಟು ಕಳಿಸಿದೆವು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ, ಬೀದರ್ ಬಿಟ್ಟು ಉಳಿದವನ್ನು ಮುಚ್ಚುವ ಮಾತಾಡಿತು. ತೆರೆದದ್ದೂ ಮುಚ್ಚಹೊರಟದ್ದೂ ಲೆಕ್ಕ ಹಾಕದೆಯೇ ಎಂಬುದು ನನ್ನ ಸಂಕಟ.

ಹಾಸನದ ಹೇಮಗಂಗೋತ್ರಿ, ಹಾವೇರಿಯ ಕೆರಿಮತ್ತಿಹಳ್ಳಿ, ಕೊಡಗಿನ ಚಿಕ್ಕ ಅಳುವಾರ ಮೊದಲೂ ಇದ್ದವು, ಹಳೆಯ ವಿ.ವಿ.ಗಳ ಸ್ನಾತಕೋತ್ತರ ಕೇಂದ್ರಗಳಾಗಿ. ಹಳ್ಳಿಯ ಹೆಣ್ಣುಮಕ್ಕಳು ಬೆಳಗಿನ ಬಸ್ಸು ಹಿಡಿದು ಹೋಗಿ ಎಂ.ಎ. ಓದಿ ಸಂಜೆಗೆ ಮನೆ ಸೇರುತ್ತಿದ್ದರು. ಅದಕ್ಕೆ ಪ್ರತ್ಯೇಕ ಕುಲಪತಿ, ಇಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ ಬೇಕಿರಲಿಲ್ಲ. ಬೋರ್ಡು ಬದಲಾದಾಗ ಈ ಹುದ್ದೆಗಳೆಲ್ಲ ಬಂದವು. ಕಾಯಂ ಮೇಷ್ಟ್ರುಗಳು ಮಾತ್ರ ಬರಲಿಲ್ಲ.

ಅತ್ತ ತಾಯಿ ವಿಶ್ವವಿದ್ಯಾಲಯಗಳ ಪಾಡೇನು? 1916ರಲ್ಲಿ ಹುಟ್ಟಿದ ಮೈಸೂರು ವಿ.ವಿ.ಯ ಕೈಯಿಂದ ಹಾಸನ, ಚಾಮರಾಜನಗರದ ಕಾಲೇಜುಗಳು ಹೋದವು. ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕವೇ ಅದರ ಅನ್ನ. ಅದು ಹಂಚಿಹೋಯಿತು. ದಶಕಗಳ ಕಾಲ ದುಡಿದು ನಿವೃತ್ತರಾದವರ ಪಿಂಚಣಿಯ ಹೊರೆ ಮಾತ್ರ ಹಂಚಿಹೋಗಲಿಲ್ಲ. ಮಂಗಳೂರು, ಧಾರವಾಡಗಳದೂ ಇದೇ ಕಥೆ. ಮನೆ ಪಾಲಾದಾಗ ಗದ್ದೆ ಹಂಚಿ ಸಾಲವನ್ನೆಲ್ಲ ಹಿರಿಯನ ಹೆಗಲಿಗೇ ಹೊರಿಸಿದ ಹಾಗೆ.

ಇನ್ನು ಸಂಬಳದ ಉಳಿತಾಯ. ನಿವೃತ್ತರಾದವರ ಜಾಗಕ್ಕೆ ಅತಿಥಿ ಉಪನ್ಯಾಸಕರನ್ನು ತಂದು ಹಣ ಉಳಿಸಿದೆವೆಂದು ತಿಳಿದಿದ್ದೇವೆ. ತರಗತಿಗೆ 1,500, ತಿಂಗಳಿಗೆ ಹೆಚ್ಚೆಂದರೆ 50,000 ಕೊಡಿ ಎಂದು ಯು.ಜಿ.ಸಿ. 2019ರಲ್ಲೇ ಹೇಳಿತ್ತು, ಬಹುಪಾಲು ಜನರ ಕೈಗೆ ಅಷ್ಟೂ ಸಿಗುತ್ತಿಲ್ಲ. ಅವರು ಎಷ್ಟೇ ಸಮರ್ಥರಾಗಿರಲಿ, ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡುವಂತಿಲ್ಲ. ಕಾಯಂ ಅಧ್ಯಾಪಕರಿಲ್ಲದ ವಿಭಾಗಕ್ಕೆ ಸಂಶೋಧನಾ ಯೋಜನೆ ದಕ್ಕುವುದು ಕಷ್ಟ. ಯೋಜನೆಗಳಿಲ್ಲದೆ ನ್ಯಾಕ್ ಅಂಕ ಕುಸಿಯುತ್ತದೆ, ಅಂಕ ಕುಸಿದರೆ ಅನುದಾನದ ಬಾಗಿಲೂ ಕಿರಿದಾಗುತ್ತದೆ. ಸಂಬಳದಲ್ಲಿ ಉಳಿಸಿದ್ದನ್ನು ಹೀಗೆ ಕಳೆದುಕೊಳ್ಳುತ್ತೇವೆ.

ಅನುದಾನ ಬಂದಲ್ಲೂ ಅಷ್ಟೇ. ಒಂದು ವಿಜ್ಞಾನ ವಿಭಾಗದಲ್ಲಿ ಹೊದಿಕೆ ತೆಗೆಯದ ಯಂತ್ರವೊಂದನ್ನು ಕಂಡಿದ್ದೆ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕೆಂದು ಕೊಂಡದ್ದಂತೆ. ಅದನ್ನು ನಡೆಸಬಲ್ಲ ಅಧ್ಯಾಪಕರು ನಿವೃತ್ತರಾಗಿದ್ದರು. ಹಣ ಬಳಕೆಯಾಗಿದೆ ಎಂಬ ಪ್ರಮಾಣಪತ್ರ ಆಗಲೇ ಹೋಗಿತ್ತು. ಕಡತದ ಪ್ರಕಾರ ಅದು ದಕ್ಷ ವೆಚ್ಚ.

ಸಣ್ಣ ವಿ.ವಿ.ಗಳನ್ನು ಮತ್ತೆ ಸ್ನಾತಕೋತ್ತರ ಕೇಂದ್ರಗಳಾಗಿಸಿ. ಒಂದು ತರಗತಿಯನ್ನೂ ಮುಚ್ಚಬೇಡಿ. ಪಿಂಚಣಿಯನ್ನು ಸರ್ಕಾರವೇ ಹೊರಲಿ. ಆಡಳಿತದಲ್ಲಿ ಉಳಿದ ಪ್ರತಿ ರೂಪಾಯಿಯೂ ಖಾಲಿ ಹುದ್ದೆ ತುಂಬುವುದಕ್ಕೆ ಹೋಗಲಿ, ಮೊದಲು ಚಿಕ್ಕ ಅಳುವಾರದಂಥ ದೂರದ ಜಾಗಗಳಲ್ಲಿ.