ನೀಲಿ ಟೋಪಿಯವರ ಬಾಕಿ ಲೆಕ್ಕ

ಮೊನ್ನೆ ಉಡುಪಿ ಸರ್ವಿಸ್ ಬಸ್ ನಿಲ್ದಾಣದಲ್ಲಿ ಕಾರ್ಕಳದ ಎರಡು ಬಸ್ಸಿನವರಿಗೆ ಎರಡು ನಿಮಿಷದ ಟೈಮಿಂಗಿಗಾಗಿ ಜಗಳ. ನಡುವೆ ನಿಂತ ಏಜೆಂಟರ ಕೈಯಲ್ಲಿ ಇದ್ದದ್ದು ಒಂದು ವಿಸಿಲ್ ಮಾತ್ರ. ಇಬ್ಬರೂ ಅವರ ಮಾತಿಗೆ ಒಪ್ಪಿದರು, ಜಗಳ ನಿಂತಿತು. ಕಾಪು ಬಸ್ಸಿಗೆ ಕಾಯುತ್ತಿದ್ದ ಅಂಗಡಿಯವರೊಬ್ಬರು ಪೇಪರ್ ಮಡಚಿ ಕೇಳಿದರು: "ವಿಶ್ವಸಂಸ್ಥೆಗೆ ಅಷ್ಟು ದೊಡ್ಡ ಸೈನ್ಯ ಉಂಟಲ್ಲ ಮಾರಾಯ್ರೆ, ಯುದ್ಧ ಯಾಕೆ ನಿಲ್ಲಿಸುವುದಿಲ್ಲ?"

ಸೈನ್ಯವೇ ಇಲ್ಲ, ಸ್ವಾಮಿ! ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 9 ಮಂದಿ ಕೈ ಎತ್ತಬೇಕು, ಐವರು ದೊಡ್ಡವರಲ್ಲಿ ಒಬ್ಬರೂ ವೀಟೋ ಹಾಕಬಾರದು. ಆಮೇಲೆ ಸೈನಿಕರಿಗಾಗಿ ದೇಶ ದೇಶದ ಬಾಗಿಲು ತಟ್ಟಬೇಕು. ಜಗಳದವರ ಒಪ್ಪಿಗೆಯೂ ಬೇಕು.

ಇದರ ಕಷ್ಟ ಉಂಡವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು. ಭಾರತದ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಅವರನ್ನು 1964ರಲ್ಲಿ ಸೈಪ್ರಸ್ ದ್ವೀಪಕ್ಕೆ ಕರೆದರು. ಅಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ. ಕೈಕೆಳಗೆ ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್‌ನಂಥ ಪರದೇಶಗಳ ಸೈನಿಕರು. ಖರ್ಚಿಗೆ ಕಡ್ಡಾಯ ವಂತಿಗೆ ಇಲ್ಲ, ಮನಸ್ಸಿದ್ದವರು ಕೊಟ್ಟರು. ಈ ಪದ್ಧತಿ ನಡೆದದ್ದು 1993ರವರೆಗೆ! ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ ಅಲ್ಲಿ ತೀರಿಕೊಂಡರು. 1974ರಲ್ಲಿ ತುರ್ಕಿಯ ಸೈನ್ಯ ಬಂದಿಳಿದಾಗ ಈ ಪಡೆಗೆ ತಡೆಯಲಾಗಲಿಲ್ಲ. ವಿಸಿಲ್ ಊದಬಹುದು, ಬಸ್ಸಿಗೆ ಅಡ್ಡ ಮಲಗಲು ಆಗುತ್ತದೆಯೇ? ಮೂರು ತಿಂಗಳಿಗೆಂದು ಮಂಜೂರಾದ ಪಡೆ ಇಂದಿಗೂ ಅಲ್ಲೇ ಉಂಟು, ಎರಡು ಕಡೆಯವರ ನಡುವಿನ ಜಾಗ ಕಾಯುತ್ತಾ.

ಈಗ ಹೆಚ್ಚಿನ ಪಡೆಗಳಿಗೆ ವಂತಿಗೆ ಕಡ್ಡಾಯ. ಅಮೆರಿಕ, ಚೀನಾ ಸೇರಿ ಅರ್ಧದಷ್ಟು ಕೊಡಬೇಕು. ಒಬ್ಬ ಸೈನಿಕನಿಗೆ ತಿಂಗಳಿಗೆ 1,428 ಡಾಲರ್ ಎಂದು 2018ರಲ್ಲಿ ನಿಗದಿ ಮಾಡಿದ್ದರು. ಅದು ಸಂದಾಯವಾಗುವುದು ಅವನನ್ನು ಕಳಿಸಿದ ಸರಕಾರಕ್ಕೆ. ಆದರೆ ದೊಡ್ಡ ಗಿರಾಕಿಗಳೇ ಉದ್ರಿ ಹೇಳಿದರೆ? 2025ರ ಅಕ್ಟೋಬರಿನಲ್ಲಿ ಹಣವಿಲ್ಲವೆಂದು ನಾಲ್ಕರಲ್ಲಿ ಒಂದು ಪಾಲು ಸೈನಿಕರನ್ನು ಕಡಿಮೆ ಮಾಡುವುದೆಂದು ವಿಶ್ವಸಂಸ್ಥೆಯೇ ಹೇಳಿತು.

ಜನ ಕೊಡುವವರು ಭಾರತ, ನೇಪಾಳ, ಬಾಂಗ್ಲಾದೇಶ, ರುವಾಂಡಾದಂಥವರು. ನೀಲಿ ಟೋಪಿ ಹಾಕಿ ಹೋದವರಲ್ಲಿ ನಮ್ಮ ದೇಶದವರೇ ಸುಮಾರು 180 ಮಂದಿ ಸತ್ತಿದ್ದಾರೆ. ಆ ಲೆಕ್ಕದಲ್ಲಿ ನಾವು ಉದ್ರಿ ಇಟ್ಟಿಲ್ಲ ಎಂದೆ. ಅಂಗಡಿಯವರು ಮಾತಾಡಲಿಲ್ಲ.