ಎಲ್‌ಜಿಟಿಎಂ ಅಂದ್ರಲ್ಲ, ಏನ್ ನೋಡಿದ್ರಿ?

ನಮ್ಮ ಬೆಂಗಳೂರಿನ ಆಫೀಸುಗಳಲ್ಲಿ ಅತ್ಯಂತ ಅಗ್ಗಕ್ಕೆ ಸಿಗೋ ಸರ್ಟಿಫಿಕೇಟ್ ಯಾವುದು ಗೊತ್ತಾ? ಎಲ್‌ಜಿಟಿಎಂ. ಲುಕ್ಸ್ ಗುಡ್ ಟು ಮಿ. 800 ಸಾಲಿನ ಡ್ರೈವರ್ ಕೋಡ್ ಕಳಿಸಿ, ಕಾಫಿ ಕುಡಿದು ಬರೋಷ್ಟರಲ್ಲಿ ಈ ನಾಲ್ಕಕ್ಷರ ಬಂದು ಕೂತಿರುತ್ತೆ. ವೆಬ್ ಪೇಜಿನ ಬಟನ್ ಬಣ್ಣ ಬದಲಾಯಿಸೋಕೆ ಈ ಉಡಾಫೆ ನಡೀಬಹುದು. ಕರ್ನಲ್ ಒಳಗೆ ಹೋಗಿ ಕೂರೋ ಹಾರ್ಡ್‌ವೇರ್ ಡ್ರೈವರಿಗೆ ನಡೆಯಲ್ಲ. ದಯವಿಟ್ಟು ಇದನ್ನ ರಿವ್ಯೂ ಅಂತ ಕರೀಬೇಡಿ.

ಆ್ಯಪ್ ಕೆಟ್ಟರೆ ಆ್ಯಪ್ ಮಾತ್ರ ಸಾಯುತ್ತೆ, ಮತ್ತೆ ತೆರೆದರಾಯಿತು. ಲಿನಕ್ಸ್‌ನಲ್ಲಿ ಡ್ರೈವರ್ ಹಾಗಲ್ಲ. ಅದು ಕರ್ನಲ್ ಜೊತೆ ಒಂದೇ ಮನೆಯಲ್ಲಿ, ಎಲ್ಲಾ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬದುಕುತ್ತೆ. ಅದು ಎಡವಿದರೆ ಇಡೀ ಮೆಷಿನ್ ಮಲಗುತ್ತೆ. 2001ರಲ್ಲೇ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಲಿನಕ್ಸ್ ಕರ್ನಲ್ ಜಾಲಾಡಿ, ಕೆಲವು ಬಗೆಯ ತಪ್ಪುಗಳು ಉಳಿದ ಭಾಗಕ್ಕಿಂತ ಡ್ರೈವರ್ ಕೋಡಿನಲ್ಲಿ 3ರಿಂದ 7 ಪಟ್ಟು ಹೆಚ್ಚು ಅಂತ ತೋರಿಸಿದ್ದರು. ವಿಂಡೋಸ್ ಕಡೆಯವರು 2024ರ ಜುಲೈ 19 ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್‌ನದು ಹಾರ್ಡ್‌ವೇರ್ ಡ್ರೈವರ್ ಅಲ್ಲ ನಿಜ, ಆದರೆ ಕೂತಿದ್ದು ಅದೇ ಜಾಗದಲ್ಲಿ. 20 ಇನ್‌ಪುಟ್ ಕೊಟ್ಟಲ್ಲಿ 21ನೇದನ್ನ ಓದೋಕೆ ಹೋಗಿದ್ದಕ್ಕೆ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು. ನಮ್ಮ ದೇಶದ ಏರ್‌ಪೋರ್ಟುಗಳಲ್ಲಿ ಬೋರ್ಡಿಂಗ್ ಪಾಸನ್ನ ಪೆನ್ನಲ್ಲಿ ಬರೆದು ಕೊಟ್ಟರು.

ಇನ್ನು, ಕಾಮೆಂಟ್ ಹಾಕೋರು ಏನು ಹಾಕ್ತಾರೆ ನೋಡಿ. 'ಇಲ್ಲಿ ಒಂದು ಸ್ಪೇಸ್ ಹೆಚ್ಚಾಗಿದೆ.' 'ಈ ಹೆಸರು ಉದ್ದ ಆಯ್ತು.' ಅಣ್ಣಾ, ಸ್ಪೇಸ್ ಎಣಿಸೋಕೆ ಚೆಕ್‌ಪ್ಯಾಚ್ ಅನ್ನೋ ಸ್ಕ್ರಿಪ್ಟ್ ಲಿನಕ್ಸ್ ಸೋರ್ಸ್ ಜೊತೆಗೇ ಬರುತ್ತೆ. ಅದಕ್ಕೆ ಸಂಬಳಾನೂ ಬೇಡ, ಕ್ಯಾಬೂ ಬೇಡ.

ನೋಡಬೇಕಾದ್ದು ಬೇರೆ ಇದೆ. ನಮ್ಮೂರಲ್ಲಿ ಬಾವಿಯ ಮೋಟಾರ್ ರಿಪೇರಿಗೆ ಇಳಿಯೋನು ಸ್ಟಾರ್ಟರ್ ಆಫ್ ಮಾಡಿ ಸುಮ್ಮನಾಗಲ್ಲ. ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು ಇಳೀತಾನೆ. ಕೆಳಗಿದ್ದಾಗ ಯಾರೋ ಬಂದು ಆನ್ ಮಾಡಬಾರದಲ್ಲ. ಡ್ರೈವರನ್ನ ತೆಗೆಯೋವಾಗಲೂ ಅದೇ ಲೆಕ್ಕ. ಮೊದಲು ಇಂಟರಪ್ಟ್ ಕೀಳಬೇಕು, ಆಮೇಲೆ ಮೆಮೊರಿ ಬಿಡಬೇಕು. ಈಗ ಡೆವ್‌ಎಂ ಅನ್ನೋ ಸೌಲಭ್ಯ ಬಂದಿದೆ, ಬಿಡಿಸೋ ಕೆಲಸ ಅದೇ ಮಾಡುತ್ತೆ. ಆದರೆ ಮಾಡೋದು ರಿಮೂವ್ ಫಂಕ್ಷನ್ ಮುಗಿದ ಮೇಲೆ. ನೀವು ಇಂಟರಪ್ಟನ್ನ ಡೆವ್‌ಎಂಗೆ ಒಪ್ಪಿಸಿ, ಮೆಮೊರಿಯನ್ನ ಮಾತ್ರ ರಿಮೂವ್ ಒಳಗೆ ಕೈಯಾರೆ ಫ್ರೀ ಮಾಡಿದ್ರಿ ಅನ್ಕೊಳ್ಳಿ. ನಡುವಿನ ಆ ಒಂದು ಚಿಟಿಕೆ ಹೊತ್ತಲ್ಲಿ ಸಾಧನ ಬಾಗಿಲು ತಟ್ಟಿದರೆ ಹ್ಯಾಂಡ್ಲರ್ ಓಡಿ ಬಂದು ಇಲ್ಲದ ಮೆಮೊರಿ ಮುಟ್ಟುತ್ತೆ. ತಮಾಷೆ ಏನಂದ್ರೆ ಎರಡೂ ಸಾಲು ಬಿಡಿಬಿಡಿಯಾಗಿ ನೋಡಿದ್ರೆ ಸರಿಯಾಗೇ ಇವೆ. ಒಂದು ಫೈಲಿನ ಮೇಲೆ, ಇನ್ನೊಂದು ಕೆಳಗೆ. ಹಸಿರು-ಕೆಂಪು ಸಾಲುಗಳನ್ನಷ್ಟೇ ಸ್ಕ್ರೋಲ್ ಮಾಡೋರಿಗೆ ಇದು ಏಳು ಜನ್ಮಕ್ಕೂ ಕಾಣಲ್ಲ.

ಹಾಗೇ, 'ಬ್ಯುಸಿ ಬಿಟ್ ಇರೋವರೆಗೂ ಕಾಯಿ' ಅನ್ನೋ ಲೂಪು. ಪಿಸಿಐಇ ಕಾರ್ಡ್ ಕಿತ್ತುಬಂದಾಗ ರಿಜಿಸ್ಟರ್ ಓದಿದರೆ ಸಾಮಾನ್ಯವಾಗಿ ಬರೋದು ಎಲ್ಲಾ ಬಿಟ್ಟೂ ಒಂದು. ಅಂದ್ರೆ ಬ್ಯುಸಿ ಬಿಟ್ ಕೂಡ ಒಂದೇ. ಟೈಮ್‌ಔಟ್ ಇಲ್ಲದಿದ್ದರೆ ಕಾಯ್ತಾನೇ ಇರಿ.

'ಟೆಸ್ಟಿಂಗ್‌ನಲ್ಲಿ ಸಿಗುತ್ತೆ ಬಿಡಿ' ಅಂತಾರೆ. ಯಾವ ಟೆಸ್ಟಿಂಗ್? ಡೇಟಾ ಹರೀತಿರೋವಾಗಲೇ ಕಾರ್ಡ್ ಕಿತ್ತು ನೋಡಿದೋರು ನಿಮ್ಮ ಟೀಮಲ್ಲಿ ಎಷ್ಟು ಜನ ಇದ್ದಾರೆ? ಪ್ರೋಬ್ ಫಂಕ್ಷನ್ ಅರ್ಧದಲ್ಲಿ ಸೋತು, ಅಲ್ಲಿವರೆಗೆ ಪಡೆದದ್ದನ್ನೆಲ್ಲ ಹಿಂದುಮುಂದಾಗಿ ವಾಪಸ್ ಕೊಡೋ ದಾರಿ ಲ್ಯಾಬಿನಲ್ಲಿ ಓಡೋದೇ ಅಪರೂಪ. ಯಾರೂ ಓಡಿಸದ ಕೋಡನ್ನ ಯಾರಾದರೂ ಓದಲೇಬೇಕಲ್ಲ ಸ್ವಾಮಿ.

ನಿಜವಾದ ರೋಗ ಅಪ್ರೈಸಲ್‌ನಲ್ಲಿದೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಬರೆದ ಪ್ಯಾಚ್ ಎಣಿಸ್ತಿದ್ದರು, ಓದಿದ ಪ್ಯಾಚಿಗೆ ಕಾಲಮ್ಮೇ ಇರಲಿಲ್ಲ. ಎರಡು ದಿನ ಕೂತು ಡೇಟಾಶೀಟ್ ಪಕ್ಕಕ್ಕಿಟ್ಟು ಓದಿ ತಪ್ಪು ಹಿಡಿದೋನಿಗೆ 'ಬ್ಲಾಕರ್' ಅನ್ನೋ ಬಿರುದು, ಹತ್ತು ನಿಮಿಷಕ್ಕೆ ಠಸ್ಸೆ ಒತ್ತಿದೋನು 'ಟೀಮ್ ಪ್ಲೇಯರ್'. ಲಿನಕ್ಸ್ ಸಮುದಾಯದಲ್ಲಿ ಬೈಗುಳ, ಜಗಳ ಸಾಕಷ್ಟಿದೆ, ಅದನ್ನೇನೂ ನಾನು ಪೂಜೆ ಮಾಡಲ್ಲ. ಆದರೆ ಒಂದು ವಿಷಯ ಅವರಿಗೆ ಗೊತ್ತು. ಅಲ್ಲಿ 'ಆ್ಯಕ್ಡ್-ಬೈ' ಬೇರೆ, 'ರಿವ್ಯೂಡ್-ಬೈ' ಬೇರೆ. ಎರಡನೇದನ್ನ ಹಾಕಿದರೆ, ನಾನು ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ನನ್ನ ಆಕ್ಷೇಪಗಳನ್ನ ಹೇಳಿದ್ದೇನೆ ಅನ್ನೋ ಲಿಖಿತ ಹೇಳಿಕೆಗೆ ಹೆಸರು ಹಾಕಿ ಸಹಿ ಮಾಡಿದ ಹಾಗೆ. ಆ ಹೆಸರು ಕಮಿಟ್ ಜೊತೆ ಶಾಶ್ವತವಾಗಿ ಉಳಿಯುತ್ತೆ.

ಹಾಗಾಗಿ ನಾಳೆಯಿಂದ ಆ ನಾಲ್ಕಕ್ಷರದ ಬದಲು ಎರಡು ಸಾಲು ಬರೀರಿ. 'ರಿಮೂವ್ ದಾರಿ ಪೂರ್ತಿ ಓದಿದೆ, ಇಂಟರಪ್ಟ್ ಕ್ರಮ ಸರಿಯಿದೆ. ಡಿಎಂಎ ಭಾಗ ನಾನು ನೋಡಿಲ್ಲ, ಗೊತ್ತಿರೋರಿಗೆ ತೋರಿಸಿ.' ಇಷ್ಟು ಹೊತ್ತು ಯಾಕಾಯ್ತು ಅಂತ ಮ್ಯಾನೇಜರ್ ಕೇಳಿದರೆ ಆ ಎರಡು ಸಾಲನ್ನೇ ತೋರಿಸಿ.