'ಯು' ಸರ್ಟಿಫಿಕೇಟ್ ಇದ್ದರೆ ಸಾಕೇ?

ಮಕ್ಕಳಿಗೆ ಸಿನಿಮಾ ಹಾಕಿಕೊಡುವ ಮುಂಚೆ ನೀವು ಏನನ್ನು ನೋಡುತ್ತೀರಿ? ಮುತ್ತು ಕೊಡೋ ದೃಶ್ಯ ಇದೆಯಾ, ರಕ್ತ ಇದೆಯಾ, ದೆವ್ವ ಬರುತ್ತಾ... ಅಷ್ಟೇ ತಾನೇ? 'ಯು' ಅಂತ ಇದ್ದರೆ ರಿಮೋಟು ಮಕ್ಕಳ ಕೈಗೆ, ನಾವು ಒಲೆ ಮುಂದಕ್ಕೆ. ಅದೇ 'ಯು' ಬಗ್ಗೆ ಬ್ರಿಟನ್ನಿನಲ್ಲಿ ಎದ್ದ ಒಂದು ಪ್ರಶ್ನೆ ನಮ್ಮ ಮನೆಗಳಿಗೂ ಸಂಬಂಧಿಸಿದ್ದು.

'ಮೇರಿ ಪಾಪಿನ್ಸ್' ನೀವೂ ನೋಡಿರಬಹುದು. ಛತ್ರಿ ಹಿಡಿದು ಆಕಾಶದಿಂದ ಇಳಿದು ಬರುವ ದಾದಿಯ ಕಥೆ. 1964ರ ಚಿತ್ರ. ಅಲ್ಲಿ ಅದಕ್ಕೆ ಇದ್ದದ್ದು ಎಲ್ಲರೂ ನೋಡಬಹುದಾದ 'ಯು'. 2024ರಲ್ಲಿ ಮತ್ತೆ ಥಿಯೇಟರಿಗೆ ಬರುವಾಗ ಅಲ್ಲಿನ ವರ್ಗೀಕರಣ ಮಂಡಳಿ 'ಪಿಜಿ' ಕೊಟ್ಟಿತು. ಅಂದರೆ ಅಪ್ಪ ಅಮ್ಮ ಸ್ವಲ್ಪ ಗಮನಿಸಿ ಎಂದರ್ಥ. ಕಾರಣ ಒಂದೇ ಒಂದು ಪದ. ಅದರಲ್ಲಿ ಅಡ್ಮಿರಲ್ ಬೂಮ್ ಅಂತ ಒಬ್ಬ ನಿವೃತ್ತ ನೌಕಾಧಿಕಾರಿ ಇದ್ದಾನೆ. ಚಿಮಣಿ ಗುಡಿಸುವವರು ಮಸಿ ಮೆತ್ತಿದ ಮುಖದಲ್ಲಿ ಛಾವಣಿ ಮೇಲೆ ಕುಣಿಯುವುದನ್ನು ಕಂಡು 'ಹಾಟೆಂಟಾಟ್' ಎಂದು ಕೂಗಿ, ಅವರತ್ತ ಬಾಣಬಿರುಸು ಹಾರಿಸುತ್ತಾನೆ. ದಕ್ಷಿಣ ಆಫ್ರಿಕಾದ ಖೋಯ್‌ಖೋಯ್ ಜನರನ್ನು ಬಿಳಿಯರು ಹೀಗಳೆದು ಕರೆಯುತ್ತಿದ್ದ ಹೆಸರದು.

"ಇಷ್ಟಕ್ಕೆಲ್ಲ ಸರ್ಟಿಫಿಕೇಟ್ ಬದಲಾಯಿಸ್ತಾರಾ? ಹೀಗಾದ್ರೆ ಹಳೇ ಸಿನಿಮಾ ಯಾವುದು ಉಳಿಯುತ್ತೆ?" ಅಂತ ನಿಮಗನ್ನಿಸಬಹುದು. ಆಗ ಅಲ್ಲೂ ಅನೇಕರು ಹಾಗೇ ಗೊಣಗಿದರು. ಆದರೆ ನೋಡಿ, ಮಂಡಳಿ ಚಿತ್ರವನ್ನು ನಿಷೇಧಿಸಲಿಲ್ಲ. ಮಕ್ಕಳು ಇಂಥ ಮಾತು ಕೇಳಿ, ಅದು ಇನ್ನೊಬ್ಬರಿಗೆ ನೋವು ಕೊಡುತ್ತೆ ಅಂತ ಗೊತ್ತಿಲ್ಲದೆ ತಾವೂ ಆಡಿಬಿಡಬಹುದೆಂಬ ಆತಂಕ ಪೋಷಕರಿಗೇ ಇದೆ ಎಂದಷ್ಟೇ ಅದು ಹೇಳಿತು. ನನಗೆ ಈ ಕಾರಣ ಬಹಳ ಸರಿ ಅನ್ನಿಸಿತು. ಮಕ್ಕಳು ಟೀವಿಯಿಂದ ಮೊದಲು ಕಲಿಯೋದೇ ಇನ್ನೊಬ್ಬರಿಗೆ ಹೆಸರಿಡೋದನ್ನ!

ಡಿಸ್ನಿ ಕಂಪನಿಯೂ 2021ರಲ್ಲಿ 'ಡಂಬೋ', 'ಪೀಟರ್ ಪ್ಯಾನ್', 'ಅರಿಸ್ಟೋಕ್ಯಾಟ್ಸ್' ಚಿತ್ರಗಳನ್ನು ತನ್ನ ಸ್ಟ್ರೀಮಿಂಗ್ ಸೇವೆಯ ಪುಟ್ಟ ಮಕ್ಕಳ ವಿಭಾಗದಿಂದ ತೆಗೆಯಿತು. ದೊಡ್ಡವರ ವಿಭಾಗದಲ್ಲಿ ಎಚ್ಚರಿಕೆಯ ಮಾತಿನೊಂದಿಗೆ ಉಳಿಸಿಕೊಂಡಿತು. ಇನ್ನು ನಮ್ಮ ಮನೆಮನೆಯ 'ಟಾಮ್ ಅಂಡ್ ಜೆರ್ರಿ'ಯ ಹಳೆಯ ಕಂತುಗಳಲ್ಲಿ ಬಾಂಬು ಸಿಡಿದರೆ ಟಾಮ್ ಮುಖ ಕಪ್ಪಾಗಿ, ತುಟಿ ದಪ್ಪಗಾಗಿ ಕಾಣುತ್ತದೆ. ನಾವೂ ಬಿದ್ದುಬಿದ್ದು ನಕ್ಕಿದ್ದೇವೆ. ಅಮೆರಿಕದ ಕರಿಯರನ್ನು ಗೇಲಿ ಮಾಡುವ ನಾಟಕಗಳ ವೇಷವದು ಅಂತ ನಮಗೆ ಹೇಳಿದವರಾದರೂ ಯಾರು?

ನಮ್ಮಲ್ಲಿ ಹೇಗಿದೆ? ಮೊದಲು ಇದ್ದದ್ದು 'ಯು' ಮತ್ತು 'ಎ' ಮಾತ್ರ. 1983ರಲ್ಲಿ 'ಯುಎ' ಬಂತು. 2024ರಲ್ಲಿ ಅದನ್ನು 7, 13, 16 ವರ್ಷ ಅಂತ ಮೂರು ಭಾಗ ಮಾಡಿದರು. ಅಮ್ಮಂದಿರಿಗೆ ನಿಜಕ್ಕೂ ಅನುಕೂಲ. ಜನಾಂಗವನ್ನು ಅವಹೇಳನ ಮಾಡುವ ದೃಶ್ಯ, ಮಾತು ಇರಬಾರದೆಂದು 1991ರ ಮಾರ್ಗಸೂಚಿಯಲ್ಲೇ ಇದೆ. ಆದರೂ ಕಪ್ಪಗಿರೋ ಹುಡುಗಿಯನ್ನು ನೋಡಿ ಗಂಡಿನ ಕಡೆಯವರು ಮೂಗು ಮುರಿಯೋ ಹಾಸ್ಯ ನಮಗೆ ಮಾಮೂಲು. ಮನೆಮಂದಿಯೆಲ್ಲ ಕೂತು ನೋಡ್ತೀವಿ, ಅದು ಅವಹೇಳನ ಅಂತ ಯಾರಿಗೂ ಹೊಳೆಯೋದೇ ಇಲ್ಲ. 2019ರ 'ಬಾಲಾ' ಹಿಂದಿ ಚಿತ್ರವನ್ನೇ ತೆಗೆದುಕೊಳ್ಳಿ. ಬಣ್ಣದ ತಾರತಮ್ಯದ ವಿರುದ್ಧ ಮಾತಾಡಿದ ಸಿನಿಮಾ. ಆದರೆ ಅದರ ಕಪ್ಪು ಹುಡುಗಿಯ ಪಾತ್ರಕ್ಕೆ ಭೂಮಿ ಪೆಡ್ನೇಕರ್ ಮುಖಕ್ಕೆ ಬಣ್ಣ ಬಳಿಯಲಾಗಿತ್ತು. ನಿಜವಾಗಿ ಕಪ್ಪಗಿರೋ ನಟಿ ಸಿಗಲಿಲ್ಲವೇ ಅಂತ ಜನ ಕೇಳಿದ್ದು ತಪ್ಪಾ ಹೇಳಿ.

ಜಾಹೀರಾತುಗಳು ಸ್ವಲ್ಪ ದಾರಿಗೆ ಬಂದಿವೆ. ಕಪ್ಪಗಿರುವವರನ್ನು ಸಪ್ಪೆ ಮುಖದವರಂತೆ, ಸೋತವರಂತೆ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಹೇಳಿತು. 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಟ್ಯೂಬಿನ ಮೇಲೆ ಹೆಸರು ಬದಲಾಯಿತು, ಸರಿ. ಮಗು ಹುಟ್ಟಿದ ಮನೆಗೆ ಹೋದಾಗ "ಬಣ್ಣ ಯಾರದ್ದು ಬಂತು?" ಅಂತ ಕೇಳೋದು ಬಿಟ್ಟಿದ್ದೀವಾ? ಪಕ್ಕದ ಪಿಜಿಯಲ್ಲಿರೋ ಮಣಿಪುರದ ಹುಡುಗಿಯನ್ನು ಕಣ್ಣಿನ ಆಕಾರ ಹಿಡಿದು ಕರೆಯೋದನ್ನ ನಮ್ಮ ಮಕ್ಕಳು ಯಾರಿಂದ ಕಲಿತರು?

ಹಾಗಂತ ಟೀವಿ ಆಫ್ ಮಾಡಿ ಅಂತ ನಾನು ಹೇಳುತ್ತಿಲ್ಲ ಕಣ್ರೀ. 'ಮೇರಿ ಪಾಪಿನ್ಸ್' ಖಂಡಿತ ತೋರಿಸಿ, ಚೆಂದದ ಚಿತ್ರ. ಅಡ್ಮಿರಲ್ ಬೂಮ್ ಬರೋ ಹೊತ್ತಿಗೆ ಗ್ಯಾಸ್ ಸಣ್ಣಗೆ ಮಾಡಿ ಬಂದು ಪಕ್ಕದಲ್ಲಿ ಕೂತುಕೊಳ್ಳಿ. "ಆ ಅಜ್ಜ ಯಾಕೆ ಹಾಗೆ ಕೂಗಿದ ಗೊತ್ತಾ?" ಅಂತ ನೀವೇ ಕೇಳಿ. ಭಾಷಣ ಬೇಡ, ಎರಡು ಮಾತು ಸಾಕು. ಕನ್ನಡ ಸಿನಿಮಾದಲ್ಲಿ ಕಪ್ಪು ಹುಡುಗಿಯ ಜೋಕು ಬಂದಾಗಲೂ ಹೀಗೇ ಮಾಡಿ. ಅದರಲ್ಲೂ ಮನೆಯಲ್ಲಿ ಕಪ್ಪಗಿನ ಮಗಳಿದ್ದರೆ, ಆ ಜೋಕಿಗೆ ಉಳಿದವರು ನಗುವಾಗ ಅವಳ ಮುಖವನ್ನೊಮ್ಮೆ ನೋಡಿ.